ಹಂಚಿದ ಕೊಂಡಿ ನಾಳೆಯೂ ತೆರೆಯುತ್ತದೆಯೇ? ನನ್ನ ನೆಚ್ಚಿನ ಜಾಲತಾಣಗಳ ದೀರ್ಘ ಬಳಕೆಯ ವಿಮರ್ಶೆ

ನಾನು ದಿನವೂ ತೆರೆಯುವ ಜಾಲತಾಣಗಳು ಹೆಚ್ಚಿಲ್ಲ. ಸುದ್ದಿಗಾಗಿ, ಹಲವು ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುವ ಫೀಡ್ ರೀಡರ್‌ನಲ್ಲಿ ಸೇರಿಸಿಕೊಂಡ ಐದಾರು ತಾಣಗಳು, ನಗೆಗಾಗಿ ಎಕ್ಸ್‌ಕೆಸಿಡಿ ಎಂಬ ವ್ಯಂಗ್ಯಚಿತ್ರಗಳ ತಾಣ, ಪರಾಮರ್ಶೆಗೆ ವಿಕಿಪೀಡಿಯ ಮತ್ತು ವಿಕ್ಷನರಿ ಎಂಬ ನಿಘಂಟು, ಹಳೆಯದನ್ನು ಹುಡುಕಬೇಕಾದಾಗ ಜಾಲಪುಟಗಳ ಪ್ರತಿಗಳನ್ನು ಉಳಿಸಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್. ಇಷ್ಟರಲ್ಲಿ ಓದಿದ್ದರಲ್ಲಿ ಮನಸ್ಸಿಗೆ ಹಿಡಿಸಿದ್ದನ್ನು ದಿನಕ್ಕೊಂದರಂತೆ ಅಕ್ಕನಿಗೆ ಕಳುಹಿಸುವ ರೂಢಿಯನ್ನು 2013ರಿಂದ ಬಿಟ್ಟಿಲ್ಲ. ಕಳುಹಿಸಿದ ಪ್ರತಿಯೊಂದು ಕೊಂಡಿಯನ್ನೂ ದಿನಾಂಕ ಮತ್ತು ಒಂದು ಸಾಲಿನ ವಿವರಣೆಯೊಂದಿಗೆ ಒಂದು ಸರಳ ಪಠ್ಯ ಕಡತದಲ್ಲಿ ಬರೆದಿಡುತ್ತೇನೆ. ಈ ವಿಮರ್ಶೆಗೆ ಆಧಾರ ಆ ಕಡತವೇ. ಯಾವ ತಾಣದಲ್ಲಿ ಏನೇನಿದೆ ಎಂಬುದು ಓದುಗರಿಗೆ ತಿಳಿದೇ ಇರುವುದರಿಂದ ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಬೆಳಿಗ್ಗೆ ಸುದ್ದಿಗೆ ಕೈಹಾಕುವ ಮೊದಲು ವಿಕಿಪೀಡಿಯದ ಮುಖಪುಟದಲ್ಲಿ ಇದೇ ದಿನಾಂಕದಂದು ಹಿಂದೆ ನಡೆದ ಘಟನೆಗಳ ಪಟ್ಟಿಯನ್ನು ಓದುತ್ತೇನೆ. ನಾಲ್ಕೈದು ಸಾಲುಗಳಲ್ಲಿ ನಾನು ಎಂದೂ ಕೇಳದ ಒಂದು ಹೆಸರಾದರೂ ಇದ್ದೇ ಇರುತ್ತದೆ. ಆ ಹೆಸರನ್ನು ಒತ್ತಿ, ಪುಟವನ್ನು ಪೂರ್ತಿ ಓದಿ, ಆಮೇಲೆ ಅದರ ಚರ್ಚಾಪುಟಕ್ಕೆ ಹೋಗುವುದು ನನಗೆ ಅತ್ಯಂತ ಪ್ರಿಯವಾದ ಹತ್ತು ನಿಮಿಷ. ಒಂದು ಇಸವಿ ಸರಿಯೋ ತಪ್ಪೋ ಎಂದು ಪರಸ್ಪರ ಮುಖ ಕಾಣದ ಇಬ್ಬರು ಆಧಾರಗಳನ್ನು ಮುಂದಿಟ್ಟು ತಾಳ್ಮೆಯಿಂದ ವಾದಿಸಿರುವುದನ್ನು ಓದಿದಾಗ, ಪುಟದಲ್ಲಿರುವ ಆ ನಾಲ್ಕು ಅಂಕಿಗಳ ಮೇಲೆ ಬೇರೆಯದೇ ಗೌರವ ಹುಟ್ಟುತ್ತದೆ. ಬಳಿಕ ಫೀಡ್‌ನಲ್ಲಿ ಸುದ್ದಿ. ಸೋಮವಾರ, ಬುಧವಾರ ಮತ್ತು ಶುಕ್ರವಾರಗಳಂದು ಎಕ್ಸ್‌ಕೆಸಿಡಿಯ ಹೊಸ ಚಿತ್ರ ಬರುತ್ತದೆ. ಕಡ್ಡಿಯಂತಹ ಮನುಷ್ಯರನ್ನು ಬಿಡಿಸಿ ಗಣಿತ, ಭೌತವಿಜ್ಞಾನ ಮತ್ತು ದಿನನಿತ್ಯದ ಕಳವಳಗಳನ್ನು ಒಂದೇ ಚೌಕಟ್ಟಿಗೆ ತರುವ ರಾಂಡಲ್ ಮನ್ರೋ 2005ರಿಂದಲೂ ಇದನ್ನು ನಡೆಸಿಕೊಂಡು ಬಂದಿದ್ದಾರೆ. ಚಿತ್ರದ ಮೇಲೆ ಮೌಸ್ ಇಟ್ಟಾಗ ಮೂಡುವ ಅಡಗಿದ ಸಾಲನ್ನು ನಾನು ಕೂಡಲೇ ಓದುವುದಿಲ್ಲ. ಚಿತ್ರವನ್ನು ಎರಡು ಸಲ ನೋಡಿ, ನಗೆ ಎಲ್ಲಿದೆ ಎಂದು ನನ್ನ ಪಾಡಿಗೆ ಗುರುತಿಸಿಕೊಂಡ ನಂತರವೇ ಓದುತ್ತೇನೆ. ವಿಕ್ಷನರಿಯನ್ನು ಬಳಸುವುದು ಪದಗಳ ವ್ಯುತ್ಪತ್ತಿಗೆ ಮಾತ್ರ. ಅದರ ಬಗ್ಗೆ ದೂರೂ ಇಲ್ಲ, ವಿಶೇಷವಾಗಿ ಹೇಳಬೇಕಾದದ್ದೂ ಇಲ್ಲ.

ಸುದ್ದಿಯ ತಾಣಗಳ ಬಗ್ಗೆಯೂ ಕಳೆದ ವರ್ಷದವರೆಗೆ ಹೀಗೆಯೇ ಮೆಚ್ಚಿ ಬರೆಯುತ್ತಿದ್ದೆ. ಸಮುದ್ರದಾಳದ ಅಂತರ್ಜಾಲ ಕೇಬಲ್‌ಗಳು ತುಂಡಾದಾಗ ಹಡಗಿನಿಂದ ಅವುಗಳನ್ನು ಮೇಲೆತ್ತಿ ಬೆಸೆಯುವ ಕೆಲಸದ ಬಗ್ಗೆ ಮೂರು ಕಂತುಗಳ ವರದಿಯೊಂದನ್ನು ಕೆಲವು ವರ್ಷಗಳ ಹಿಂದೆ ಅಕ್ಕನಿಗೆ ಕಳುಹಿಸಿದ್ದೆ. ಶಾಲೆಯಲ್ಲಿ ಪಾಠ ಮಾಡುವ ಅಕ್ಕ ಮಕ್ಕಳಿಗೆ ಅದನ್ನು ಓದಿ ಹೇಳಬೇಕೆಂದು ಹಳೆಯ ಸಂದೇಶವನ್ನು ಹುಡುಕಿ ತೆಗೆದು, ‘ಇದನ್ನು ಒತ್ತಿದರೆ ಇವತ್ತಿನ ಸುದ್ದಿ ಬರುತ್ತಿದೆಯಲ್ಲ, ನೀನು ಕಳುಹಿಸಿದ್ದು ಎಲ್ಲಿ ಹೋಯಿತು?’ ಎಂದು ಕೇಳಿದಳು. ನಾನೂ ಒತ್ತಿ ನೋಡಿದೆ. ತಾಣದ ವಿನ್ಯಾಸವನ್ನು ಬದಲಾಯಿಸಿದವರು ಹಳೆಯ ವಿಳಾಸಗಳನ್ನೆಲ್ಲ ಮುಖಪುಟದ ಕಡೆಗೆ ತಿರುಗಿಸಿಬಿಟ್ಟಿದ್ದರು. ಪುಟ ಇಲ್ಲ ಎಂದು ತಿಳಿಸುವ 404 ಎಂಬ ಸಂಕೇತವೂ ಅಲ್ಲಿರಲಿಲ್ಲ. ಇರುವ ಪುಟವನ್ನೇ ತೋರಿಸುತ್ತಿರುವಂತೆ, ಕೇಳದ ಸುದ್ದಿಯನ್ನು ಮುಂದಿಡುತ್ತಿದ್ದರು. ಪುಟ ಅಳಿದಿದೆ ಎಂದಾದರೂ ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಆ ವಾರಾಂತ್ಯ ಕಡತವನ್ನು ತೆರೆದು ಕೊಂಡಿಗಳನ್ನು ಮೊದಲಿನಿಂದ ಒಂದೊಂದಾಗಿ ಒತ್ತುತ್ತ ಹೋದೆ. ಮೊದಲ ಮೂರ್ನಾಲ್ಕು ವರ್ಷಗಳ ಸುದ್ದಿಯ ಕೊಂಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸತ್ತಿದ್ದವು. ಇದು ನನ್ನೊಬ್ಬನ ದುರದೃಷ್ಟವೂ ಅಲ್ಲ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿದೆ. ವಿಳಾಸ ಬದಲಾಯಿಸುವವರು ಹಳೆಯದರಿಂದ ಹೊಸದಕ್ಕೆ ತಾನಾಗಿ ಕರೆದೊಯ್ಯುವ 301 ಎಂಬ ಶಾಶ್ವತ ಸೂಚನೆಯನ್ನು ಪುಟಪುಟಕ್ಕೂ ಕೊಟ್ಟರೆ ಓದುಗರಿಗೆ ಬದಲಾವಣೆಯ ಸುಳಿವೂ ಸಿಗುವುದಿಲ್ಲ. ಒಳ್ಳೆಯ ವಿಳಾಸ ಬದಲಾಗುವುದಿಲ್ಲವೆಂದೂ, ಅದನ್ನು ಬದಲಾಯಿಸುವವರು ಮನುಷ್ಯರೇ ಎಂದೂ ವೆಬ್‌ನ ನಿರ್ಮಾತೃ ಟಿಮ್ ಬರ್ನರ್ಸ್-ಲೀ 1998ರಲ್ಲಿಯೇ ಬರೆದಿದ್ದರು. ಇಷ್ಟು ಕಾಲವಾದ ಮೇಲೂ ಸುದ್ದಿಯನ್ನೇ ವೃತ್ತಿ ಮಾಡಿಕೊಂಡವರು ತಮ್ಮದೇ ಬರಹವನ್ನು ಹೀಗೆ ಕೈಬಿಡುವುದು ನನಗೆ ಅರ್ಥವಾಗಿಲ್ಲ.

ಸಾಯದೆ ಉಳಿದ ಕೊಂಡಿಗಳಲ್ಲಿಯೂ ಒಂದು ತೊಂದರೆ ಕಂಡಿತು. ನಾನು ಕಳುಹಿಸುವಾಗ ಬರೆದಿಟ್ಟ ಒಂದು ಸಾಲಿನ ವಿವರಣೆಗೂ ಈಗ ಅದೇ ವಿಳಾಸದಲ್ಲಿರುವ ಸುದ್ದಿಗೂ ಕೆಲವು ಕಡೆ ಹೊಂದಾಣಿಕೆಯೇ ಇರಲಿಲ್ಲ. ಶೀರ್ಷಿಕೆ ಬದಲಾಗಿತ್ತು, ಒಂದು ಪ್ಯಾರಾ ಮಾಯವಾಗಿತ್ತು, ಕೆಳಗೆ ‘ನವೀಕರಿಸಲಾಗಿದೆ’ ಎಂಬ ಒಂದೇ ಪದ ಇತ್ತು. ಏನನ್ನು ತಿದ್ದಿದರು, ಏಕೆ ತಿದ್ದಿದರು ಎಂಬುದನ್ನು ಓದುಗರು ತಿಳಿಯುವ ದಾರಿಯಿಲ್ಲ. ಯಾರು ಬೇಕಾದರೂ ತಿದ್ದಬಹುದೆಂಬ ಕಾರಣಕ್ಕೆ ನಂಬಲರ್ಹವಲ್ಲ ಎನ್ನಿಸಿಕೊಳ್ಳುವ ವಿಕಿಪೀಡಿಯ ಈ ವಿಷಯದಲ್ಲಿ ಎಷ್ಟೋ ಮೇಲು ಎಂದು ನನಗೆ ಮನವರಿಕೆಯಾದದ್ದು ಆಗ. ಅಲ್ಲಿ ಪ್ರತಿ ತಿದ್ದುಪಡಿಗೂ ಒಂದು ಸಂಖ್ಯೆಯಿದೆ, ಸಮಯವಿದೆ, ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನೋಡುವ ಸೌಕರ್ಯವಿದೆ. ಪುಟದ ಹೆಸರು ಬದಲಾದರೆ ಸಾಮಾನ್ಯವಾಗಿ ಹಳೆಯ ಹೆಸರು ಹೊಸದರ ಕಡೆಗೆ ಕರೆದೊಯ್ಯುತ್ತದೆ. ನಾನು ಓದಿದ ಆವೃತ್ತಿಯನ್ನೇ ಅಕ್ಕನೂ ಓದಲಿ ಎನ್ನಿಸಿದಾಗ ‘ಶಾಶ್ವತ ಕೊಂಡಿ’ಯನ್ನು ಕಳುಹಿಸಿದರೆ ಸಾಕು, ಇಡೀ ಪುಟವನ್ನೇ ಅಳಿಸಿಹಾಕದ ಹೊರತು ಅದು ತಪ್ಪುವುದಿಲ್ಲ.

ಎಕ್ಸ್‌ಕೆಸಿಡಿಯ ಕೊಂಡಿಗಳಲ್ಲಿ ಒಂದೂ ಕೆಟ್ಟಿರಲಿಲ್ಲ. ಅಲ್ಲಿ ಪ್ರತಿ ಚಿತ್ರದ ವಿಳಾಸವೆಂದರೆ ತಾಣದ ಹೆಸರಿನ ಮುಂದೆ ಒಂದು ಕ್ರಮಸಂಖ್ಯೆ, ಅಷ್ಟೆ. ಒಂದನೆಯ ಚಿತ್ರದಿಂದ ಮೊದಲ್ಗೊಂಡು ಸಂಖ್ಯೆಯನ್ನು ಬಾಯಲ್ಲಿ ಹೇಳಿಯೇ ಹಂಚಿಕೊಳ್ಳಬಹುದು. ಅಲ್ಲಿ ಸಿಗದಿರುವುದು 404ನೆಯದು ಮಾತ್ರ: 403ರ ನಂತರ 405 ಬರುತ್ತದೆ, ನಡುವಿನ ವಿಳಾಸದಲ್ಲಿ ಪುಟ ಇಲ್ಲವೆಂಬ ಸಂಕೇತವೇ ಇದೆ. ಸತ್ತ ಕೊಂಡಿಗಳ ನಡುವೆ ಎರಡು ದಿನ ಕಳೆದ ಮೇಲೆ ಆ ಸಂಖ್ಯೆಯನ್ನು ಒತ್ತಿ ನೋಡಿ ಮನಸ್ಸು ಹಗುರವಾಯಿತು.

ನನ್ನ ಸಿಟ್ಟು ನಿಜವಾಗಿ ಇಳಿದದ್ದು ವೇಬ್ಯಾಕ್ ಮಷೀನ್‌ನಿಂದ. ಬ್ರೂಸ್ಟರ್ ಕೇಲ್ 1996ರಲ್ಲಿ ಕಟ್ಟಿದ ಇಂಟರ್‌ನೆಟ್ ಆರ್ಕೈವ್ 2001ರಲ್ಲಿ ಇದನ್ನು ಎಲ್ಲರಿಗೂ ತೆರೆಯಿತು. ಸತ್ತ ವಿಳಾಸವನ್ನು ಅದರಲ್ಲಿ ಹಾಕಿದರೆ ವರ್ಷಗಳ ಪಟ್ಟಿ, ಅದರ ಕೆಳಗೆ ತಿಂಗಳುಗಳು, ಪುಟವನ್ನು ಉಳಿಸಿಕೊಂಡ ದಿನಗಳ ಮೇಲೆ ಬಣ್ಣದ ಚುಕ್ಕೆಗಳು ಕಾಣುತ್ತವೆ. ಒಂದನ್ನು ಆರಿಸಿದಾಗ ಸಿಗುವ ವಿಳಾಸದಲ್ಲಿ ವರ್ಷದಿಂದ ಸೆಕೆಂಡಿನವರೆಗಿನ ಸಮಯ 14 ಅಂಕಿಗಳಲ್ಲಿ ಇರುತ್ತದೆ. ವಿಕಿಪೀಡಿಯದ ಅಡಿಟಿಪ್ಪಣಿಗಳಲ್ಲಿ ಸತ್ತ ಕೊಂಡಿಗಳನ್ನು ಹುಡುಕಿ ಇಂತಹ ಪ್ರತಿಗಳನ್ನು ಜೋಡಿಸುವ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ತಂತ್ರಾಂಶ, ಒಂದಿದೆ. ಅದರ ಮತ್ತು ಸ್ವಯಂಸೇವಕರ ದುಡಿಮೆಯಿಂದ 2018ರ ಹೊತ್ತಿಗೆ 90 ಲಕ್ಷಕ್ಕೂ ಹೆಚ್ಚು ಕೊಂಡಿಗಳು ಮರುಜೀವ ಪಡೆದಿದ್ದವು. ದೋಷಗಳು ಇಲ್ಲವೆಂದಲ್ಲ. ಪುಟ ತೆರೆಯುವುದು ನಿಧಾನ, ಚಿತ್ರಗಳು ಎಷ್ಟೋ ಸಲ ಬರುವುದಿಲ್ಲ, ಲಾಗಿನ್ ಕೇಳುವ ಪುಟಗಳು ಅದರ ಕೈಗೆ ಸಿಗುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಗೆ ತುತ್ತಾಗಿ ಅದು ಕೆಲವು ದಿನ ಮುಚ್ಚಿದ್ದಾಗ, ಇಷ್ಟೊಂದು ನೆನಪುಗಳ ಭಾರ ಒಂದೇ ಸಂಸ್ಥೆಯ ಮೇಲಿದೆಯಲ್ಲ ಎಂದು ನಿಜಕ್ಕೂ ಭಯವಾಗಿತ್ತು.

ಈಗ ನನ್ನ ರೂಢಿ ಬದಲಾಗಿದೆ. ಸುದ್ದಿಯ ಪುಟವನ್ನು ಅಕ್ಕನಿಗೆ ಕಳುಹಿಸುವ ಮೊದಲು, ಕೂಡಲೇ ಪ್ರತಿ ಉಳಿಸಿಕೊಳ್ಳಲು ವೇಬ್ಯಾಕ್ ಮಷೀನ್‌ನಲ್ಲಿರುವ ಸೌಲಭ್ಯಕ್ಕೆ ಅದರ ವಿಳಾಸವನ್ನು ಕೊಡುತ್ತೇನೆ. ಕಡತದಲ್ಲಿ ಎರಡೂ ವಿಳಾಸಗಳನ್ನು ಬರೆಯುತ್ತೇನೆ. ಹಳೆಯ ವಿಳಾಸಗಳನ್ನು ಕಾಯದ ಎರಡು ತಾಣಗಳನ್ನು, ಅವುಗಳ ಬರವಣಿಗೆ ಎಷ್ಟೇ ಚೆನ್ನಾಗಿದ್ದರೂ, ಫೀಡ್‌ನಿಂದ ತೆಗೆದುಹಾಕಿದ್ದೇನೆ. ಚಂದಾ ಕಟ್ಟಲು ನನ್ನ ಕೈಲಾಗುವುದು ಒಂದೇ ಸುದ್ದಿತಾಣಕ್ಕೆ. ಹತ್ತು ವರ್ಷದ ಹಿಂದಿನ ಕೊಂಡಿಗಳೂ ಸರಿಯಾಗಿ ತೆರೆದುಕೊಂಡ ತಾಣಕ್ಕೆ ಅದನ್ನು ಕೊಟ್ಟೆ. ಬರಿಯ ಶೀರ್ಷಿಕೆಗಳ ಚುರುಕು ಬೇಕೆನ್ನುವವರಿಗೆ ನನ್ನ ಈ ಅಳತೆಗೋಲು ಅತಿಯೆನ್ನಿಸಬಹುದು. ಓದಿದ್ದನ್ನು ಇನ್ನೊಬ್ಬರ ಕೈಗಿಡುವ ಅಭ್ಯಾಸವಿರುವವರು ತಮ್ಮ ಹಳೆಯ ಕೊಂಡಿಗಳಲ್ಲಿ ಹತ್ತನ್ನು ಇಂದೇ ಒತ್ತಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಅಕ್ಕ ಕೇಳಿದ ವರದಿಯ ಮೊದಲ ಮತ್ತು ಮೂರನೆಯ ಕಂತುಗಳು ವೇಬ್ಯಾಕ್ ಮಷೀನ್‌ನಲ್ಲಿ ಸಿಕ್ಕವು. ಎರಡನೆಯದನ್ನು ಯಾರೂ ಉಳಿಸಿರಲಿಲ್ಲ. ಅದರಲ್ಲಿ ಏನಿತ್ತೆಂದು ಅಕ್ಕ ನೆನಪಿನಿಂದ ಹೇಳಿದ್ದನ್ನು, ಕಡತದಲ್ಲಿ ಆ ಸತ್ತ ವಿಳಾಸದ ಕೆಳಗೆ ಬರೆದಿಟ್ಟಿದ್ದೇನೆ.