ಹಸಿರು ವಾಂತಿ ಅಂದ ಕೂಡಲೇ ಎದ್ದು ಬಂದ ಡಾಕ್ಟರ್
ಕಲಬುರಗಿಯ ಈ ಮಕ್ಕಳ ಸರ್ಜರಿ ಆಸ್ಪತ್ರೆಗೆ 5ರಲ್ಲಿ 4 ಸ್ಟಾರ್. ಅಕ್ಕನ ಕೂಸು ಹುಟ್ಟಿ ವಾರವೂ ಆಗಿರಲಿಲ್ಲ, ಹಸಿರು ವಾಂತಿ ಶುರುವಾಯಿತು. ಜೇವರ್ಗಿಯಲ್ಲಿ ಎಲ್ಲರೂ ಗ್ಯಾಸ್ ಅಂದರು. ಇಲ್ಲಿ ಬಣ್ಣ ಕೇಳಿದ ತಕ್ಷಣ ಹಾಲು ನಿಲ್ಲಿಸಿ, ಮೂಗಿಗೆ ನಳಿಗೆ ಹಾಕಿ, ಡ್ರಿಪ್ ಹಚ್ಚಿ, ಹೊಟ್ಟೆಗೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು. ಹುಟ್ಟಿನಿಂದಲೇ ಕರುಳು ತನ್ನ ಜಾಗದಲ್ಲಿ ಕೂತಿರಲಿಲ್ಲ, ಅದು ತಿರುಚಿಕೊಂಡರೆ ರಕ್ತ ಹರಿಯುವುದು ನಿಂತು ಕೆಲವೇ ಗಂಟೆಗಳಲ್ಲಿ ಕರುಳು ಸತ್ತುಹೋಗಬಹುದು ಅಂತ ಡಾಕ್ಟರ್ ಚಿತ್ರ ಬರೆದು ತಿಳಿಸಿದರು. ಅದೇ ರಾತ್ರಿ ಲ್ಯಾಡ್ ಆಪರೇಷನ್. ತಿರುಚು ಬಿಡಿಸಿ, ಕರುಳನ್ನು ಒತ್ತುತ್ತಿದ್ದ ಪಟ್ಟಿಗಳನ್ನು ಕತ್ತರಿಸಿದರು. ಅಪೆಂಡಿಕ್ಸ್ ಕೂಡ ತೆಗೆದರು, ಯಾಕೆಂದರೆ ಬಿಟ್ಟರೆ ಈ ಆಪರೇಷನ್ ಆದ ಮೇಲೆ ಅದು ಹೊಟ್ಟೆಯ ಎಡಕ್ಕೆ ಬರುತ್ತದೆ, ಮುಂದೆ ನೋವಾದರೆ ಗುರುತಿಸುವುದು ಕಷ್ಟ. ಕೂಸು ಈಗ ಚೆನ್ನಾಗಿ ಹಾಲು ಕುಡಿಯುತ್ತಿದೆ. ನಿಮ್ಮ ಮಗುವಿಗೂ ಹಸಿರು ವಾಂತಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಒಂದು ಸ್ಟಾರ್ ಕಡಿಮೆ, ಬಾಣಂತಿ ತಾಯಂದಿರಿಗೆ ಮಲಗಲು ಒಂದು ಮಂಚವೂ ಇಲ್ಲ.