ಬಾಯಿ ಬಿಡಲು ಯಾವ ದೇಶ? ಅಮೆರಿಕವೋ, ಜರ್ಮನಿಯೋ?

ಓದಲು ಎಲ್ಲಿಗೆ ಹೋಗಲಿ ಎಂದು ತೂಗಿ ನೋಡುತ್ತಿದ್ದೀರಾ? ಫೀಸಿನ ಲೆಕ್ಕ ಎಲ್ಲರೂ ಕೊಡುತ್ತಾರೆ. ಮಾತಿನ ಲೆಕ್ಕ ಇಲ್ಲಿದೆ.

ಅಮೆರಿಕದಲ್ಲಿ ಸಂವಿಧಾನದ 1791ರ ಮೊದಲ ತಿದ್ದುಪಡಿ, ಜನರ ಮಾತನ್ನು ತಡೆಯದಂತೆ ಸರ್ಕಾರದ ಕೈ ಕಟ್ಟಿದೆ. ನಾಜಿ ಬಾವುಟ ಹಿಡಿದು ಮೆರವಣಿಗೆ ಹೋದರೂ ಅಷ್ಟಕ್ಕೇ ಜೈಲಿಲ್ಲ. ಹಿಂಸೆಗೆ ಕರೆ ಕೊಟ್ಟರೂ, ಅದು ತಕ್ಷಣ ನಡೆಯುವಂತಿದ್ದರೆ ಮಾತ್ರ ಅಪರಾಧ ಎಂದು 1969ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಜರ್ಮನ್ನರಿಗೆ ಇದು ಹುಚ್ಚಾಟ ಅನ್ನಿಸುತ್ತದೆ. ಸುಮ್ನೆ ಅಲ್ಲ. ಪ್ರಜಾಪ್ರಭುತ್ವದ ಬಾಗಿಲಿನಿಂದಲೇ ಒಳಗೆ ಬಂದು ಹಿಟ್ಲರ್ ಅದನ್ನೇ ಮುಗಿಸಿದ್ದನ್ನು ಅವರು ಕಂಡವರು. ಅದಕ್ಕೇ ಅಲ್ಲಿ ನಾಜಿ ಚಿಹ್ನೆ ತೋರಿಸುವುದು ಅಪರಾಧ. ಕಲೆ, ಪಾಠಕ್ಕೆ ವಿನಾಯಿತಿ ಇದೆ. ಯಹೂದಿಗಳ ನರಮೇಧ ನಡೆದೇ ಇಲ್ಲ ಎಂದು ಬಹಿರಂಗವಾಗಿ ಹೇಳಿದರೆ 5 ವರ್ಷದವರೆಗೂ ಜೈಲು. ರಸ್ತೆಯಲ್ಲಿ ಇನ್ನೊಬ್ಬ ಡ್ರೈವರ್‌ಗೆ ನಡುಬೆರಳು ತೋರಿಸಿದರೂ ದಂಡ ಬೀಳಬಹುದು!

ಹಾಗಾದರೆ ಅಮೆರಿಕವೇ ವಾಸಿ, ಅಲ್ವಾ? ನಾನಾದರೆ ಅಷ್ಟು ಬೇಗ ಹೇಳೆನು. ಆ ತಿದ್ದುಪಡಿ ಖಾಸಗಿ ಕಂಪನಿಗಳಿಗೆ ಅನ್ವಯಿಸುವುದಿಲ್ಲ; ಟ್ವೀಟ್ ನೋಡಿ ಮಾಲೀಕ ಕೆಲಸದಿಂದ ತೆಗೆದರೆ ಅದು ನಿಮ್ಮನ್ನು ಕಾಯದು. 2025ರಿಂದ ಅಮೆರಿಕದ ವಿದ್ಯಾರ್ಥಿ ವೀಸಾ ಕೇಳುವವರು ಸೋಶಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು. ಹಳೆಯ ಪೋಸ್ಟುಗಳನ್ನು ಒಮ್ಮೆ ನೋಡಿಕೊಂಡೇ ಅರ್ಜಿ ಹಾಕಿ.