ವರ್ಗ ಸಮೀಕರಣ ಕಲಿಯುವವರಿಗೆ ಜಿಯೋಜೀಬ್ರಾ: 280 ಅಡಿಕೆ ಮರದ ಲೆಕ್ಕ ಹಾಕಿ ನೋಡಿದರೆ

ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಫೋನಿನಲ್ಲಿ ಜಿಯೋಜೀಬ್ರಾದ ಗ್ರಾಫಿಂಗ್ ಆ್ಯಪ್ ಇರಲೇಬೇಕು. ಉತ್ತರ ಕಂಡುಹಿಡಿಯಲಿಕ್ಕಲ್ಲ, ಬಿಡಿಸಿದ ಲೆಕ್ಕ ಎಲ್ಲಿ ತಪ್ಪಿತು ಎಂದು ಕಣ್ಣಾರೆ ನೋಡಲಿಕ್ಕೆ. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರುಮಾಡಿದ ಈ ತಂತ್ರಾಂಶಕ್ಕೆ ಕಲಿಯುವವರು ದುಡ್ಡು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ಟೂ ಬೇಡ. ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಡುವ ಶಿರಸಿ, ಸಿದ್ದಾಪುರದ ಹಳ್ಳಿಗಳಿಗೆ ಇದು ಸಣ್ಣ ಅನುಕೂಲವಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ತೋಟದಲ್ಲಿ 280 ಅಡಿಕೆ ಮರ; ಸಾಲುಗಳು ಎಷ್ಟಿವೆಯೋ ಅದಕ್ಕಿಂತ 6 ಹೆಚ್ಚು ಮರ ಪ್ರತಿ ಸಾಲಿನಲ್ಲಿ. ಸಾಲು ಎಷ್ಟು? ಸಾಲುಗಳ ಸಂಖ್ಯೆ ಎಕ್ಸ್ ಎಂದಿಟ್ಟುಕೊಂಡರೆ ಸಮೀಕರಣ: ಎಕ್ಸ್² + 6ಎಕ್ಸ್ − 280 = 0. ಎಡಬದಿಯನ್ನು ಆ್ಯಪ್‌ಗೆ ಕೊಟ್ಟರೆ ಫೋನಿನ ಪರದೆಯಲ್ಲಿ ಏನೂ ಕಾಣದೇ ಹೋಗಬಹುದು. ಆ್ಯಪ್ ಕೆಟ್ಟಿಲ್ಲ, ಪರವಲಯ (ಈ ಸಮೀಕರಣದ ಬಟ್ಟಲಿನಾಕಾರದ ವಕ್ರ) ಪರದೆಯ ಆಚೆಗಿದೆ. ಸೆಟ್ಟಿಂಗ್ಸ್‌ನಲ್ಲಿ ಎಕ್ಸ್ ಅಕ್ಷಕ್ಕೆ −25ರಿಂದ 20, ವೈ ಅಕ್ಷಕ್ಕೆ −300ರಿಂದ 100 ಕೊಡಿ. ಹೊಸಬರು ಇಲ್ಲೇ ಬೇಸತ್ತು ಬಿಟ್ಟುಬಿಡುತ್ತಾರೆ. ಆದರೆ ಸ್ಕೇಲ್ ಆರಿಸಿಕೊಳ್ಳುವುದೂ ಗ್ರಾಫ್ ಪಾಠದ ಭಾಗವೇ.

ಈಗ ವಕ್ರದ ಮೇಲೆ ಬೆರಳಿಟ್ಟರೆ ಮೂಲಗಳು, ಅಂದರೆ ವಕ್ರ ಎಕ್ಸ್ ಅಕ್ಷವನ್ನು ದಾಟುವ ಜಾಗಗಳು, 14 ಮತ್ತು −20; ಶೃಂಗ, ಅಂದರೆ ವಕ್ರದ ತಳ, (−3, −289) ಎಂದು ತೋರಿಸುತ್ತದೆ. ಶೃಂಗವನ್ನು ನೋಡದೆ ಮುಂದೆ ಹೋಗಬೇಡಿ. ವರ್ಗ ಪೂರ್ಣಗೊಳಿಸುವ ವಿಧಾನದಲ್ಲಿ 6ರ ಅರ್ಧ 3, ಅದರ ವರ್ಗ 9. 280 ಅನ್ನು ಬಲಕ್ಕೆ ಒಯ್ದು ಎರಡೂ ಕಡೆ 9 ಕೂಡಿಸಿದರೆ (ಎಕ್ಸ್ + 3)² = 289. ಅದೇ 3, ಅದೇ 289! ವಿಧಾನವನ್ನು ಬಾಯಿಪಾಠ ಮಾಡಿದವರಿಗೆ ಅದು ಪರವಲಯದ ತಳವನ್ನು ಹುಡುಕುವ ಕೆಲಸ ಎಂದು ಹೊಳೆಯುವುದು ಇಲ್ಲಿಯೇ. 289 ಎಂದರೆ 17ರ ವರ್ಗ. ತಳದ ನೇರದಿಂದ ಆಚೆ 17, ಈಚೆ 17 ಹೋದರೆ ಎರಡು ಮೂಲಗಳು. −20 ಸಾಲು ಇರಲಾರದು, ಆದ್ದರಿಂದ ಉತ್ತರ 14. ಪ್ರತಿ ಸಾಲಿಗೆ 20 ಮರ.

ಸೂತ್ರ ಬಳಸುವವರು ಹೆಚ್ಚಾಗಿ ಎಡವುವುದು ಶೋಧಕದ (ಬಿ² − 4 × ಎ × ಸಿ) ಚಿಹ್ನೆಯಲ್ಲಿ. ಇಲ್ಲಿ ಎಕ್ಸ್²ನ ಗುಣಕ ಎ = 1, ಎಕ್ಸ್‌ನ ಗುಣಕ ಬಿ = 6, ಸ್ಥಿರಾಂಕ ಸಿ = −280 ಆದ್ದರಿಂದ 36 + 1120 = 1156 ಆಗಬೇಕು. 36 − 1120 ಎಂದು ಬರೆದು ‘ವಾಸ್ತವ ಮೂಲಗಳಿಲ್ಲ’ ಎಂದು ಮುಗಿಸುವ ಉತ್ತರಪತ್ರಿಕೆಗಳಿಗೆ ಲೆಕ್ಕವಿಲ್ಲ. ಎ ಧನ, ಸಿ ಋಣ ಇದ್ದಾಗ ವಕ್ರ ಅಡ್ಡ ಅಕ್ಷವನ್ನು ಎರಡು ಕಡೆ ದಾಟಲೇಬೇಕು ಎಂಬುದನ್ನು ಗ್ರಾಫ್‌ನಲ್ಲಿ ಕಂಡವರು ಈ ತಪ್ಪನ್ನು ತಾವೇ ಹಿಡಿಯುತ್ತಾರೆ.

ಬೆರಳಿನಿಂದ ಎಳೆದು ಬೆಲೆ ಬದಲಿಸುವ ಸ್ಲೈಡರ್ ಸೌಲಭ್ಯ ಬಹಳ ಚೆನ್ನಾಗಿದೆ. ಎ, ಬಿ, ಸಿ ಅಕ್ಷರಗಳಲ್ಲೇ ಸಮೀಕರಣ ಕೊಟ್ಟರೆ ಸ್ಲೈಡರ್‌ಗಳು ತಾವಾಗಿ ಬರುತ್ತವೆ. ಅಕ್ಷರಗಳ ನಡುವೆ ಗುಣಾಕಾರ ಚಿಹ್ನೆ ಹಾಕಿ, ಗೊಂದಲ ತಪ್ಪುತ್ತದೆ. ಎ = 1, ಬಿ = 4 ಇಟ್ಟು ಸಿ ಒಂದನ್ನೇ ಸರಿಸಿ. 3 ಇದ್ದಾಗ ಎರಡು ಮೂಲ (−1, −3), 4ಕ್ಕೆ ವಕ್ರ −2ರಲ್ಲಿ ಅಕ್ಷವನ್ನು ಮುಟ್ಟಿ ನಿಲ್ಲುತ್ತದೆ, 5ಕ್ಕೆ ಮೇಲೆದ್ದುಬಿಡುತ್ತದೆ. ಶೋಧಕದ ಮೂರೂ ಪ್ರಕರಣ ಒಂದೇ ಬೆರಳಿನಲ್ಲಿ. ಬಿ ಬದಲಿಸಿದರೆ ವಕ್ರ ಬರೀ ಅಡ್ಡಕ್ಕೆ ಸರಿಯುತ್ತದೆ ಎಂಬ ತಪ್ಪು ಕಲ್ಪನೆಯೂ ಇದರಿಂದ ಹೋಗುತ್ತದೆ: ಶೃಂಗ ಏರಿಳಿಯುತ್ತದೆ, ಆದರೆ ವೈ ಅಕ್ಷವನ್ನು ಕಡಿಯುವ ಬಿಂದು ಕದಲುವುದಿಲ್ಲ.

ಕೊರತೆ ಒಂದಿದೆ. ‘ಸಾಲ್ವ್’ ಆದೇಶ ಕೊಟ್ಟರೆ ಎರಡು ಮೂಲಗಳು ಬರುತ್ತವೆ, ಹಂತಗಳು ಬರುವುದಿಲ್ಲ. ಪರೀಕ್ಷೆಯಲ್ಲಿ ಅಂಕ ಇರುವುದು ಹಂತಗಳಿಗೆ. ಅಪವರ್ತನ ವಿಧಾನದಲ್ಲಿ 6ಎಕ್ಸ್ ಅನ್ನು 20ಎಕ್ಸ್ − 14ಎಕ್ಸ್ ಎಂದು ಒಡೆಯುವ ಅಭ್ಯಾಸ ಕಾಗದದ ಮೇಲೆಯೇ ಆಗಬೇಕು. ಹಾಗಾಗಿ ಮೊದಲು ನೋಟ್‌ಬುಕ್ಕಿನಲ್ಲಿ ಬಿಡಿಸಿ ಮೂಲಗಳನ್ನು ಬರೆದಿಟ್ಟುಕೊಳ್ಳಿ, ಫೋನ್ ತೆರೆಯುವುದು ಆಮೇಲೆ.